ಛಾಯಾಚಿತ್ರ ಪ್ರದರ್ಶನವೂ ಇತಿಹಾಸ ಸಂಶೋಧನೆಯೂ

ವಸ್ತುಸಂಗ್ರಹಾಲಯಗಳಲ್ಲಿ ಏರ್ಪಡುವ ಹಳೆಯ ಛಾಯಾಚಿತ್ರಗಳ ಪ್ರದರ್ಶನವನ್ನು ನಾವು ಸಾಮಾನ್ಯವಾಗಿ ಕಣ್ಣಿನ ತೃಪ್ತಿಗಾಗಿ ನೋಡಿ ಹಿಂತಿರುಗುತ್ತೇವೆ. ಶಾಸನ, ನಾಣ್ಯ, ಕಡತಗಳಿಗೆ ಸಲ್ಲುವ ಗಮನ ಅವಕ್ಕೆ ಸಲ್ಲುವುದು ವಿರಳ. ಆದರೆ ಸಂಶೋಧಕನಿಗೆ ಸ್ಫೂರ್ತಿಯೆಂದರೆ ಉತ್ತರವನ್ನು ಬೇಡುವ ಒಂದು ಪ್ರಶ್ನೆ. ಅಂಥ ಪ್ರಶ್ನೆ ಚಿತ್ರದಿಂದಲೂ ಹುಟ್ಟಬಲ್ಲುದು. ಹಂಪೆಯ ನಿದರ್ಶನವೊಂದರಿಂದ ಇದು ಸ್ಪಷ್ಟವಾಗುತ್ತದೆ.

1856ರಲ್ಲಿ ಮದರಾಸು ಸೈನ್ಯದ ಅಧಿಕಾರಿಯಾಗಿದ್ದ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬವರು ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳ ಮೇಲೆ ಹಂಪೆಯ ಅವಶೇಷಗಳ ಚಿತ್ರಗಳನ್ನು ತೆಗೆದರು. 1980ರ ದಶಕದಲ್ಲಿ ಆಸ್ಟ್ರೇಲಿಯದ ಜಾನ್ ಗಾಲಿಂಗ್ಸ್ ಅವರು ಅದೇ ನೆಲೆಗಳಲ್ಲಿ ನಿಂತು ಅವೇ ದೃಶ್ಯಗಳನ್ನು ಮತ್ತೆ ಸೆರೆಹಿಡಿದರು. ಇಂಥ ಜೋಡಿ ಚಿತ್ರಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದಾಗ ನಮ್ಮ ಪರಿಚಿತ ನಂಬಿಕೆಗಳು ಅಲುಗುತ್ತವೆ.

ವಿಠ್ಠಲ ದೇವಾಲಯದ ಪ್ರಾಂಗಣದಲ್ಲಿರುವ ಕಲ್ಲಿನ ರಥವನ್ನೇ ನೋಡೋಣ. ರಥದ ಆಕೃತಿಯಲ್ಲಿರುವ ಇದು ವಾಸ್ತವವಾಗಿ ಗರುಡನ ಗುಡಿ. ಇಂದು ಅದರ ಮೇಲ್ಭಾಗ ಬರಿದಾಗಿದೆ. 2017ರಲ್ಲಿ ಹೊರಬಂದ ಐವತ್ತು ರೂಪಾಯಿ ನೋಟಿನಲ್ಲಿರುವುದೂ ಈ ರೂಪವೇ. ಗ್ರೀನ್‌ಲಾ ಅವರ ಚಿತ್ರದಲ್ಲಾದರೋ ರಥದ ಮೇಲೆ ಇಟ್ಟಿಗೆಯ ಶಿಖರವೊಂದು ನಿಂತಿದೆ. ಎಂದಮೇಲೆ, ವಿಜಯನಗರದ ಕಾಲದ್ದೆಂದು ನಾವು ಭಾವಿಸುವ ಈ ನೋಟ 1856ರ ಅನಂತರ ಉಂಟಾದುದು. ಶಿಖರ ಯಾವಾಗ ಹೋಯಿತು? ಯಾವ ಕಾರಣದಿಂದ? ಯಾರ ನಿರ್ಣಯದಂತೆ? ಈ ಪ್ರಶ್ನೆಗಳು ವಿದ್ಯಾರ್ಥಿಯನ್ನು ಪ್ರದರ್ಶನಾಂಗಣದಿಂದ ಪತ್ರಾಗಾರದ ಕಡತಗಳಿಗೂ, ಪ್ರವಾಸಿಗಳ ಬರಹಗಳಿಗೂ, ಮುಂದಿನ ದಶಕಗಳ ಚಿತ್ರಗಳಿಗೂ ಕರೆದೊಯ್ಯುತ್ತವೆ.

ಆದರೆ ಛಾಯಾಚಿತ್ರವು ಕಂಡುದನ್ನೆಲ್ಲ ಹೇಳುವ ಸಾಕ್ಷಿಯಲ್ಲ. ಮೇಣದ ಕಾಗದದ ಮೇಲೆ ಬಿಂಬ ಮೂಡಲು ಹಲವು ನಿಮಿಷಗಳು ಬೇಕಾಗುತ್ತಿದ್ದುದರಿಂದ, ನಡೆದಾಡುವ ಜನ ಅದರಲ್ಲಿ ಮೂಡುತ್ತಿರಲಿಲ್ಲ. ಆ ಚಿತ್ರಗಳ ನಿರ್ಜನತೆಯನ್ನು ಕಂಡು ಹಂಪೆ ಆಗ ಜನಶೂನ್ಯವಾಗಿತ್ತೆಂದು ತೀರ್ಮಾನಿಸುವುದು ಸಲ್ಲದು. ಆದ್ದರಿಂದ ಶಾಸನವನ್ನು ಓದುವವನು ಲಿಪಿಯನ್ನೂ ಕಾಲವನ್ನೂ ವಿಚಾರಿಸುವಂತೆ, ಚಿತ್ರವನ್ನು ಓದುವವನು ತೆಗೆದವರಾರು, ಎಂದು, ಯಾವ ವಿಧಾನದಿಂದ, ಎಲ್ಲಿ ನಿಂತು ತೆಗೆದರು ಎಂಬುದನ್ನು ವಿಚಾರಿಸಬೇಕು.

ಇದು ಕೇವಲ ಪಾಂಡಿತ್ಯದ ವಿಷಯವಲ್ಲ. ಸ್ಮಾರಕವನ್ನು ಸಂರಕ್ಷಿಸುವಾಗ ಕಟ್ಟಿಸಿದವರ ಕಾಲದ ರೂಪವನ್ನು ಉಳಿಸಬೇಕೆ, 1856ರದನ್ನೆ, ಇಂದಿನದನ್ನೆ? ಉಳಿಸಹೊರಟ ರೂಪದ ಚರಿತ್ರೆಯನ್ನೇ ಅರಿಯದವರು ಇದಕ್ಕೆ ಉತ್ತರ ಕೊಡಲಾರರು. ಆ ಚರಿತ್ರೆಯ ಒಂದು ಪುಟ ವಸ್ತುಸಂಗ್ರಹಾಲಯದ ಗೋಡೆಯ ಮೇಲೆ ತೂಗುತ್ತಿರಬಹುದು.