ಡೇರೆ ಗಡ್ಡೆಯೂ ಬೆಕ್ಕಿನ ಮರಿಯೂ

ಸಾಗರ, ಸಿದ್ದಾಪುರ, ಸಿರಸಿಯ ಕಡೆ ಮೇ ತಿಂಗಳ ಕೊನೆಯ ಮದುವೆಗಳಲ್ಲಿ ಊಟದ ಪಂಕ್ತಿ ಎದ್ದ ಮೇಲೆ ಹೆಂಗಸರ ಒಂದು ಗುಂಪು ಮೆಲ್ಲಗೆ ಅಂಗಳದ ಅಂಚಿಗೆ ಸರಿಯುತ್ತದೆ. ಸೀರೆ, ಸರ, ಹುಡುಗನ ನೌಕರಿ ಎಲ್ಲದರ ವಿಚಾರಣೆ ಅಷ್ಟೊತ್ತಿಗೆ ಮುಗಿದಿರುತ್ತದೆ. ಈಗ ಗಡ್ಡೆಯ ಮಾತು. “ಅತ್ತಿಗೆ, ಹೋದ ಚೌತಿ ಹೊತ್ತಿಗೆ ನಿಮ್ಮನೆ ಅಂಗಳದಲ್ಲಿ ಬಿಟ್ಟಿತ್ತಲ್ಲ, ಬಿಳಿ ತುದಿಯ ಕೆಂಪು ಡೇರೆ, ಅದರದ್ದೊಂದು ಗಡ್ಡೆ ಉಳಿದಿದ್ಯಾ?” “ಉಳಿದಿದೆ ಮಾರಾಯ್ತಿ, ಇನ್ನೂ ಕಣ್ಣು ಬಂದಿಲ್ಲ. ಮೃಗಶಿರಾ ಮಳೆ ಹಿಡಿಯುವ ಮೊದಲು ಬಾ. ಬರುವಾಗ ನಿಮ್ಮನೆ ಹಳದಿ ದಾಸವಾಳದ್ದೊಂದು ರೆಂಬೆ ಮುರಕೊಂಡು ಬಾ.” ಮಾತು ಮುಗಿಯಿತು. ಇದಕ್ಕೆ ಸಾಕ್ಷಿ, ಸಹಿ ಏನೂ ಬೇಡ, ಇಬ್ಬರೂ ಮರೆಯುವವರಲ್ಲ.

ಮಲೆನಾಡಿನ ಮನೆಗಳ ಸಣ್ಣ ಸುಖಗಳಲ್ಲಿ ಡೇರೆಯಷ್ಟು, ಅಂದರೆ ಡೇಲಿಯಾ ಹೂವಿನಷ್ಟು, ಶ್ರದ್ಧೆಯಿಂದ ಕೈಯಿಂದ ಕೈಗೆ ಹೋದದ್ದು ಇನ್ನೊಂದಿಲ್ಲ ಎಂಬುದು ನನ್ನ ನಂಬಿಕೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಮುಗಿಲು ಬಿಡಿಸಿಕೊಳ್ಳುವುದೇ ಕಡಿಮೆ. ಗೋಡೆಗೆ ಪಾಚಿ, ಹಗ್ಗದ ಮೇಲೆ ಒಣಗದ ಬಟ್ಟೆ, ಅಡಿಕೆಗೆ ಕೊಳೆ ಬಂದೀತೆಂಬ ಆತಂಕ. ಆ ನಾಲ್ಕು ತಿಂಗಳು ಅಂಗಳಕ್ಕೆ ಬಣ್ಣ ತರುವುದು ಡೇರೆ. ಕೆಂಪು, ಹಳದಿ, ಬಿಳಿ, ತಿಳಿಗುಲಾಬಿ, ಕಡುನೇರಳೆ, ಎರಡು ಬಣ್ಣ ಬೆರೆತದ್ದು, ಹೀಗೆ ಶುದ್ಧ ನೀಲಿಯೊಂದನ್ನು ಬಿಟ್ಟು ಎಲ್ಲವೂ ಇದರಲ್ಲಿವೆ. ಇದರಿಂದ ಕಾಸು ಹುಟ್ಟುವುದಿಲ್ಲ. ಹಾಲು ಕರೆದು, ದನಕ್ಕೆ ಹುಲ್ಲು ಹಾಕಿ, ಮಧ್ಯಾಹ್ನದ ಅಡುಗೆಗೆ ಕೈಯಿಡುವ ಮುನ್ನ ಸಿಗುವ ಅರ್ಧ ಗಂಟೆಯಲ್ಲಿ ಸೆರಗು ಸಿಕ್ಕಿಸಿಕೊಂಡು ಹೆಂಗಸರು ಬೆಳೆಸಿದ ಹೂವು ಇದು. ಮನೆಯ ಲೆಕ್ಕದ ಪುಸ್ತಕದಲ್ಲಿ ಇದಕ್ಕೆ ಸಾಲು ಇಲ್ಲ. ಆದರೆ ನನ್ನ ಅಮ್ಮನ ದಿನದಲ್ಲಿ ಅವಳದ್ದೇ ಆಗಿದ್ದ ಹೊತ್ತು ಯಾವುದೆಂದು ಯಾರಾದರೂ ಕೇಳಿದರೆ ನಾನು ಈ ಅರ್ಧ ಗಂಟೆಯನ್ನೇ ತೋರಿಸುತ್ತೇನೆ.

ಗಡ್ಡೆ ನೋಡಲು ಗೆಣಸಿನ ಹಾಗೆಯೇ ಇರುತ್ತದೆ. ಆದರೆ ಅದರ ಮೈಯಲ್ಲೆಲ್ಲ ಮೊಳಕೆ ಬರುವುದಿಲ್ಲ. ಹಳೆಯ ಕಾಂಡ ಗಡ್ಡೆಗೆ ಕೂಡುವ ಕುತ್ತಿಗೆಯ ಹತ್ತಿರ ಮಾತ್ರ ಕಣ್ಣು ಇರುವುದು, ಸಾಸಿವೆ ಕಾಳಿನಷ್ಟು ಉಬ್ಬು. ಗಡ್ಡೆಗಳ ಗೊಂಚಲನ್ನು ಬಿಡಿಸುವಾಗ ಕಾಂಡದ ಒಂದು ಚೂರೂ ಕಣ್ಣೂ ಸೇರಿ ಬರಬೇಕು. ಕುತ್ತಿಗೆ ಮುರಿದರೆ ಗಡ್ಡೆ ಎಷ್ಟು ದಪ್ಪವಿದ್ದರೂ ಮಣ್ಣಿನೊಳಗೆ ಸುಮ್ಮನೆ ಕೊಳೆಯುತ್ತದೆ. ಅದಕ್ಕೇ ಅನುಭವ ಇದ್ದವರು ಗಡ್ಡೆ ಕೊಡುವಾಗ ಬೆಳಕಿಗೆ ಹಿಡಿದು, ಉಗುರಿನಿಂದ ಮಣ್ಣು ಕೆರೆದು, ಕಣ್ಣು ತೋರಿಸಿಯೇ ಕೊಡುತ್ತಾರೆ. ಮಳೆ ನಿಂತು ಗಿಡ ಹಳದಿಯಾದ ಮೇಲೆ, ದೀಪಾವಳಿಯ ಆಚೀಚೆ, ಕಾಂಡವನ್ನು ಒಂದು ಗೇಣು ಬಿಟ್ಟು ಕತ್ತರಿಸಿ ಗಡ್ಡೆ ಕೀಳುತ್ತಾರೆ. ಒಡೆದ ಕೊಡಪಾನವೋ ಹಳೇ ಬುಟ್ಟಿಯೋ, ಅದರಲ್ಲಿ ಒಣಮಣ್ಣು ಇಲ್ಲವೇ ಮರಳು ತುಂಬಿ ಗಡ್ಡೆ ಹೂತು, ಒಲೆಯ ಬಿಸಿ ತಾಗದ ಮೂಲೆಯಲ್ಲಿ ಇಡುತ್ತಾರೆ. ಬೇಸಗೆಯಲ್ಲಿ ಒಂದೆರಡು ಸಲ ಕೈಹಾಕಿ ನೋಡಬೇಕು. ಮೆತ್ತಗಾದದ್ದನ್ನು ಎತ್ತಿ ಎಸೆಯದಿದ್ದರೆ ಪಕ್ಕದ್ದಕ್ಕೂ ಕೊಳೆ ಹತ್ತುತ್ತದೆ.

ನೆಟ್ಟ ಮೇಲಿನ ಕೆಲಸವೂ ಕಡಿಮೆಯದಲ್ಲ. ನೀರು ನಿಲ್ಲದ ಹಾಗೆ ಮಣ್ಣು ಏರಿಸಿ ದಿಬ್ಬ ಮಾಡಬೇಕು, ಕೊಟ್ಟಿಗೆ ಗೊಬ್ಬರ ಹಾಕಬೇಕು. ಕಾಂಡ ಟೊಳ್ಳಾದ್ದರಿಂದ ಗಾಳಿಗೆ ಮುರಿಯುತ್ತದೆ. ಅಡಿಕೆ ದಬ್ಬೆ ನೆಟ್ಟು ಬಾಳೆಪಟ್ಟೆಯಿಂದ ಸಡಿಲವಾಗಿ ಕಟ್ಟಬೇಕು. ಕುಡಿ ಚಿವುಟಿದರೆ ಪಕ್ಕದ ಕವಲು ಬರುತ್ತದೆ, ಚಿವುಟಿದ ಕುಡಿಯನ್ನು ಮಣ್ಣಿಗೆ ಊರಿದರೆ ಮಳೆಗಾಲದ ತಂಪಿಗೆ ಅದೂ ಬೇರು ಬಿಡುತ್ತದೆ. ರಾತ್ರಿ ಬಸವನಹುಳು ಬಂದು ಎಳೆ ಎಲೆ ಕೆರೆಯುತ್ತವೆ. ಬ್ಯಾಟರಿ ಹಿಡಿದು ಅವನ್ನು ಆರಿಸುವ ಕೆಲಸ ನಮ್ಮ ಮನೆಯಲ್ಲಿ ಮಕ್ಕಳ ಪಾಲಿಗೆ ಇತ್ತು, ಮತ್ತು ನಾವು ಅದನ್ನು ಕೆಲಸವೆಂದು ಎಣಿಸಿದ್ದೇ ಇಲ್ಲ.

ಈ ಹೂವಿನ ತೌರು ಮೆಕ್ಸಿಕೊ. 1963ರಿಂದ ಅದು ಆ ದೇಶದ ರಾಷ್ಟ್ರೀಯ ಹೂ. 1789ರಲ್ಲಿ ಮೆಕ್ಸಿಕೊದಿಂದ ಸ್ಪೇನಿನ ಮ್ಯಾಡ್ರಿಡ್ ಸಸ್ಯೋದ್ಯಾನಕ್ಕೆ ಹೋಯಿತು. ಅಲ್ಲಿನ ಸಸ್ಯವಿಜ್ಞಾನಿ ಕವಾನಿಲ್ಲೆಸ್ 1791ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಆಂಡರ್ಸ್ ಡಾಲ್ ಅವರ ಹೆಸರನ್ನು ಇದಕ್ಕಿಟ್ಟರು. ಅಲ್ಲಿಂದ ಯುರೋಪಿನ ತೋಟಗಳಿಗೆ, ಆಮೇಲೆ ಲೋಕಕ್ಕೆಲ್ಲ ಹಬ್ಬಿತು. ಬೆಂಗಳೂರಿನ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನದಲ್ಲೂ ಸಾಲು ಕುಂಡಗಳಲ್ಲಿ ನಿಂತಿರುತ್ತದೆ. ನಮ್ಮ ಅಂಗಳಕ್ಕೆ ಮಾತ್ರ ಅದು ಬಂದದ್ದು ಪಕ್ಕದ ಅಂಗಳದಿಂದ.

ಹೀಗೆ ಅಂಗಳದಿಂದ ಅಂಗಳಕ್ಕೇ ಬರಬೇಕಾದ್ದಕ್ಕೆ ಗಿಡದ ಒಳಗೇ ಕಾರಣವಿದೆ. ಹೆಚ್ಚಿನ ಜೀವಿಗಳಲ್ಲಿ ವರ್ಣತಂತುಗಳ ಎರಡು ಕಟ್ಟುಗಳಿದ್ದರೆ ತೋಟದ ಡೇರೆಯಲ್ಲಿ ಎಂಟು ಇರುತ್ತವೆ. ಆದ್ದರಿಂದ ಬೀಜ ಹಾಕಿದರೆ ಯಾವ ಬಣ್ಣ, ಯಾವ ಆಕಾರ ಬಂದೀತೆಂದು ಹೇಳಲಾಗದು. ತಾಯಿಯನ್ನು ಹೋಲುವ ಮಗಳು ಹುಟ್ಟುವುದು ಅಪರೂಪ. ಬಿಳಿ ತುದಿಯ ಕೆಂಪು ಅದೇ ಬಿಳಿ ತುದಿಯ ಕೆಂಪಾಗಿ ಉಳಿಯಬೇಕಾದರೆ ಗಡ್ಡೆಯನ್ನೋ ಕುಡಿಯನ್ನೋ ಕೊಡಲೇಬೇಕು. ಅಂದರೆ ಅತ್ತಿಗೆಯ ಅಂಗಳದಲ್ಲಿ ಅರಳಿದ್ದೂ, ಅದರ ಗಡ್ಡೆ ಒಯ್ದವಳ ಅಂಗಳದಲ್ಲಿ ಅರಳಿದ್ದೂ, ಅವಳಿಂದ ತಂಗಿಯ ಮನೆಗೆ ಹೋದದ್ದೂ ಎಲ್ಲ ಒಂದೇ ಗಿಡ. ಅದು ಹತ್ತು ಊರಿನಲ್ಲಿ ಒಟ್ಟಿಗೇ ಬದುಕುತ್ತಿದೆ. ಬಚ್ಚಿಟ್ಟುಕೊಂಡವರ ಮನೆಯಲ್ಲಿ ಒಂದು ಹೆಗ್ಗಣ, ಒಂದು ಮುಳ್ಳುಹಂದಿ, ಒಂದು ಕೆಟ್ಟ ಮಳೆ ಸಾಕು, ಅದು ಮುಗಿದುಹೋಗಲು. ಹಂಚಿದವರದ್ದು ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ.

2019ರ ಆಗಸ್ಟ್‌ನಲ್ಲಿ ಇದನ್ನು ನಮ್ಮ ಮನೆ ಕಣ್ಣಾರೆ ಕಂಡಿತು. ಪಶ್ಚಿಮಘಟ್ಟದ ಉದ್ದಕ್ಕೂ ನೆರೆ ಬಂದ ವರ್ಷ ಅದು. ಅಂಗಳದಲ್ಲಿ ನೀರು ನಿಂತು, ದಿಬ್ಬ ಕರಗಿ, ಅಮ್ಮನ ಡೇರೆಗಳೆಲ್ಲ ಬುಡದಿಂದ ಕೊಳೆತವು. ಅದರಲ್ಲಿ ಅವಳ ತವರಿನಿಂದ ಬಂದ ತಿಳಿಹಳದಿಯೂ ಹೋಯಿತು. ತವರಿನ ಅಂಗಳದಲ್ಲಿ ಅದು ಎಂದೋ ಅಳಿದಿತ್ತು, ಆ ಮನೆಯೂ ಈಗ ಪಾಲಾಗಿದೆ. ಅಮ್ಮ ಹೂವಿಗಾಗಿ ಅತ್ತದ್ದನ್ನು ನಾನು ನೋಡಿದ್ದು ಆ ವರ್ಷವೇ. ಮಾರನೇ ಬೇಸಗೆಯಲ್ಲಿ ನದಿಯಾಚೆಯ ಊರಿನ ಒಬ್ಬರು, ನಮಗೆ ದೂರದ ಸಂಬಂಧದಲ್ಲಿ ಚಿಕ್ಕಮ್ಮ ಆಗಬೇಕು, ಸಾಗಣೆ ಜೀಪಿನವನ ಕೈಯಲ್ಲಿ ಕಾಗದ ಸುತ್ತಿದ ಪೊಟ್ಟಣ ಕಳಿಸಿದರು. “ಅಕ್ಕಾ, ನೀನೇ ಕೊಟ್ಟ ಹಳದಿ, ನಿನ್ನದು ಹೋಯ್ತಂತಲ್ಲ” ಎಂದು ಫೋನಿನಲ್ಲಿ ಹೇಳಿದರು. ಒಳಗೆ ಗಡ್ಡೆ ಇತ್ತು, ಎರಡು ಕಣ್ಣು ಇದ್ದದ್ದು. ಅಮ್ಮನಿಗೆ ತಾನು ಅದನ್ನು ಅವರಿಗೆ ಯಾವಾಗ ಕೊಟ್ಟೆ ಎಂಬುದೇ ನೆನಪಿರಲಿಲ್ಲ.

ಬೆಕ್ಕಿನ ಮರಿಯ ವ್ಯವಹಾರವೂ ಇದೇ ಹಾದಿಯದು, ಆದರೆ ಇಲ್ಲಿ ಕೇಳುವವರಿಗಿಂತ ಕೊಡುವವರೇ ಹೆಚ್ಚು. ತಾಯಿಬೆಕ್ಕು ಮರಿಗಳನ್ನು ಏಳು ಮನೆ ಸುತ್ತಿಸುತ್ತದೆ ಎನ್ನುತ್ತಾರೆ. ಅಟ್ಟದಿಂದ ಕೊಟ್ಟಿಗೆಗೆ, ಕೊಟ್ಟಿಗೆಯಿಂದ ಸೌದೆಮನೆಗೆ ಕುತ್ತಿಗೆ ಕಚ್ಚಿ ಸಾಗಿಸುತ್ತದೆ. ಅದರ ಸುತ್ತಾಟ ಮುಗಿದ ಮೇಲೆ ಮನೆಯವರ ಸುತ್ತಾಟ ಶುರು: ಯಾರ ಮನೆಯಲ್ಲಿ ಇಲಿ ಹೆಚ್ಚಾಗಿದೆ, ಯಾರ ಮನೆಯ ಬೆಕ್ಕು ಕಾಣೆಯಾಗಿದೆ ಎಂಬ ವಿಚಾರಣೆ. ಮರಿಗೆ ಎರಡು ತಿಂಗಳಾದರೂ ತುಂಬಬೇಕು. ಅಷ್ಟರೊಳಗೆ ಅದು ತಾಯಿಯಿಂದ ಕಲಿಯುವುದು ಬಹಳವಿದೆ, ಮನುಷ್ಯರ ಕೈಯ ಸ್ಪರ್ಶ ರೂಢಿಯಾಗುವುದೂ ಆ ಮೊದಲ ವಾರಗಳಲ್ಲೇ. ಒಯ್ಯುವಾಗ ದಾರಿ ಗುರುತು ಸಿಗದಿರಲೆಂದು ಗೋಣಿಚೀಲದಲ್ಲೋ ಮುಚ್ಚಿದ ಬುಟ್ಟಿಯಲ್ಲೋ ಒಯ್ಯುತ್ತಾರೆ. ಹೊಸ ಮನೆಗೆ ಹೋದೊಡನೆ ಒಲೆಯ ಬದಿಯಲ್ಲಿ ಬಿಟ್ಟು ಬೆಚ್ಚಗಿನ ಹಾಲನ್ನ ಇಡುತ್ತಾರೆ. ಒಲೆ ಮುಂದಿನ ಜಾಗ ಒಮ್ಮೆ ರುಚಿಸಿತೋ, ಆಮೇಲೆ ಅದು ಆ ಮನೆಯದ್ದು.

ಎಲ್ಲರಿಗೂ ಗಂಡು ಮರಿಯೇ ಬೇಕು. ಹೆಣ್ಣಾದರೆ ಮತ್ತೆ ಮರಿ, ಮತ್ತೆ ಮನೆ ಹುಡುಕಾಟ. ಈ ಕಾರಣಕ್ಕೆ ಎಲ್ಲಕ್ಕಿಂತ ಚಂದದ ಮರಿ ಕಟ್ಟಕಡೆಗೆ ಉಳಿಯುತ್ತದೆ. ಕಪ್ಪು, ಕೇಸರಿ, ಬಿಳಿ ಮೂರೂ ಬಣ್ಣವಿರುವ ಮರಿ ಹೆಣ್ಣೇ ಎಂದು ನಮ್ಮ ಅಜ್ಜಿಯಂದಿರಿಗೆ ಗೊತ್ತಿತ್ತು, ಬಾಲ ಎತ್ತಿ ನೋಡುತ್ತಲೂ ಇರಲಿಲ್ಲ. ಅವರ ಎಣಿಕೆ ಬಹುಪಾಲು ಸರಿ. ಕೇಸರಿ ಬಣ್ಣದ ಗುಣಾಣು ಎಕ್ಸ್ ವರ್ಣತಂತುವಿನ ಮೇಲಿದೆ. ಗಂಡಿಗೆ ಅಂಥದ್ದು ಒಂದೇ ಇರುವುದರಿಂದ ಅವನು ಕಪ್ಪಾಗಬಹುದು ಅಥವಾ ಕೇಸರಿಯಾಗಬಹುದು. ಎರಡೂ ಬೆರೆಯಲು ಎರಡು ಎಕ್ಸ್ ಬೇಕು, ಅದು ಹೆಣ್ಣಿಗೆ ಮಾತ್ರ. ತೀರಾ ಅಪರೂಪಕ್ಕೆ ಒಂದು ಎಕ್ಸ್ ಹೆಚ್ಚಾಗಿ ಹುಟ್ಟಿದ ಗಂಡು ಸಿಕ್ಕೀತು. ಆ ಗುಣಾಣು ಯಾವುದೆಂದು ಜಪಾನ್ ಮತ್ತು ಅಮೆರಿಕದ ಎರಡು ತಂಡಗಳು ಗುರುತಿಸಿ ಪ್ರಕಟಿಸಿದ್ದು 2025ರಲ್ಲಿ. ಮೂರು ಬಣ್ಣದವಳನ್ನು ಒಯ್ಯಲು ಹಿಂಜರಿಯುವವರಿಗೆ ನನ್ನ ಮಾತಿಷ್ಟೆ: ಮರಿಯಾಗದ ಹಾಗೆ ಶಸ್ತ್ರಚಿಕಿತ್ಸೆ ಮಾಡಿಸಲು ಈಗ ಪಶುವೈದ್ಯರಿದ್ದಾರೆ, ಇಲಿ ಹಿಡಿಯುವುದರಲ್ಲಿ ಹೆಣ್ಣುಬೆಕ್ಕು ಯಾರಿಗೂ ಕಡಿಮೆಯಿಲ್ಲ.

ಬರಹದ ಮೂಲಕವೂ ಪ್ರಾಣಿ ಮನೆಯಿಂದ ಮನೆಗೆ ದಾಟುವುದುಂಟು. ನಾಯಿಯ ವಿಷಯ ಬಂದರೆ ಕನ್ನಡ ಓದುಗರಿಗೆ ಪೂರ್ಣಚಂದ್ರ ತೇಜಸ್ವಿಯವರ ‘ಕಿವಿ’ ನೆನಪಾಗದೆ ಇರದು. ಮೂಡಿಗೆರೆಯ ತೋಟದ ಆ ಸ್ಪೇನಿಯಲ್ ನಾಯಿ ‘ಪರಿಸರದ ಕತೆ’ಯಿಂದಾಗಿ ನಾಡಿನ ಎಷ್ಟೋ ಮನೆಗಳ ನಾಯಿಯಾಯಿತು. ಮೀನು ಹಿಡಿಯುವುದು, ಹಕ್ಕಿಯ ಫೋಟೊ ತೆಗೆಯುವುದು ತೇಜಸ್ವಿಯವರಿಗೆ ಹವ್ಯಾಸವಾಗಿತ್ತು. ಅದರ ಸಂತೋಷವನ್ನು ಬರೆದು ಹಂಚಿದ್ದರಿಂದ ಎಷ್ಟು ಜನ ದುರ್ಬೀನು ಕೊಂಡರೋ, ಎಷ್ಟು ಜನ ಹಳ್ಳದ ದಂಡೆಯಲ್ಲಿ ಕೂತರೋ.

ಹೂ ಬಿಟ್ಟ ಮೇಲೆ ನೋಡಲು ಬರುವುದೂ ಒಂದು ಸಂಪ್ರದಾಯವೇ. ಶ್ರಾವಣದ ಒಂದು ಸಂಜೆ ಮಳೆ ಸ್ವಲ್ಪ ಹೊಳವಾದರೆ ಕೇರಿಯ ಹೆಂಗಸರು ಕೊಡೆ ಹಿಡಿದು ಬರುತ್ತಾರೆ. ಅಂಗಳ ಸುತ್ತಿ, ಯಾವ ಹೂ ಎಷ್ಟು ಅಗಲ, ಯಾವುದರ ಎಸಳು ಸುರುಳಿ, ಯಾವುದರದ್ದು ಚಪ್ಪಟೆ ಎಂದು ನೋಡಿ, ಒಳಗೆ ಬಂದು ಕೂರುತ್ತಾರೆ. ಬೇಸಗೆಯಲ್ಲಿ ಮಾಡಿಟ್ಟ ಹಲಸಿನ ಹಪ್ಪಳ ಡಬ್ಬದಿಂದ ಹೊರಬರುತ್ತದೆ. ಕೆಂಡದ ಮೇಲೆ ತಿರುವಿ ತಿರುವಿ ಸುಟ್ಟು, ಮೇಲೊಂದು ಚಮಚ ಕೊಬ್ಬರಿ ಎಣ್ಣೆ ಸವರಿ, ಕಾಯಿತುರಿಯ ಜೊತೆ ಕೊಟ್ಟರೆ ಮಾತು ಕತ್ತಲಾಗುವವರೆಗೂ ಸಾಗುತ್ತದೆ. ಬ್ರಹ್ಮಕಮಲ ಅರಳುವ ರಾತ್ರಿಯ ಕರೆ ಇನ್ನೂ ತುರ್ತಿನದು. ಅದೂ ಮೆಕ್ಸಿಕೊದ ಕಡೆಯದೇ, ಕಳ್ಳಿಯ ಜಾತಿ. ಹಿಮಾಲಯದ ಬ್ರಹ್ಮಕಮಲವೇ ಬೇರೆ. ರಾತ್ರಿ ಅರಳಿ ಬೆಳಗಾಗುವಷ್ಟರಲ್ಲಿ ಬಾಡಿರುತ್ತದೆ, ಆದ್ದರಿಂದ ನೆರೆಮನೆಯವರನ್ನು ಮಲಗಿದಲ್ಲಿಂದ ಎಬ್ಬಿಸಿದರೂ ಯಾರೂ ಸಿಟ್ಟಾಗುವುದಿಲ್ಲ.

ಊರಿನಲ್ಲಿ ಈಗ ಎಷ್ಟೋ ಮನೆಗಳಲ್ಲಿ ವಯಸ್ಸಾದ ಇಬ್ಬರೇ ಇದ್ದಾರೆ. ಮಂಗನ ಕಾಟ, ಕಾಡುಹಂದಿಯ ಕಾಟ ಹೆಚ್ಚಿ ‘ಯಾರಿಗೆ ಬೇಕು’ ಎಂದು ಅಂಗಳಕ್ಕೆ ಸಿಮೆಂಟು ಹಾಕಿಸಿದವರೂ ಇದ್ದಾರೆ. ಅವರನ್ನು ದೂರಲು ನನಗೆ ಮನಸ್ಸಿಲ್ಲ. ಬಗ್ಗಲಾಗದ ಸೊಂಟದ ಕಷ್ಟ ಅವರಿಗೇ ಗೊತ್ತು. ಆದರೆ ಹಾಗೆ ಮುಚ್ಚುವ ಮೊದಲು ಗಡ್ಡೆಗಳನ್ನು ಯಾರಿಗಾದರೂ ದಾಟಿಸಿದವರನ್ನು ಕಂಡರೆ ಕೈಮುಗಿಯಬೇಕೆನಿಸುತ್ತದೆ. ಸಿರಸಿಯ ‘ವನಸ್ತ್ರೀ’ ಬಳಗ ಮಲೆನಾಡಿನ ಕೈತೋಟದ ಹೆಂಗಸರನ್ನು ಕೂಡಿಸಿ ಬೀಜ, ಗಡ್ಡೆಗಳ ವಿನಿಮಯವನ್ನು ವರ್ಷಗಳಿಂದ ನಡೆಸಿಕೊಂಡು ಬಂದಿದೆ. ತರಕಾರಿ ಬೀಜ ಉಳಿಸುವುದಕ್ಕೆ ಅದರಿಂದ ಬಂದ ಬಲ ದೊಡ್ಡದು. ಬೆಂಗಳೂರಿಗೆ ಹೋದ ಹೆಣ್ಣುಮಕ್ಕಳೂ ಬಿಟ್ಟಿಲ್ಲ. “ರಾತ್ರಿ ಬಸ್ಸಿಗೆ ಹಾಕಿದೀನಿ, ಬೆಳಿಗ್ಗೆ ಹೋಗಿ ಇಸ್ಕೊ” ಎಂಬ ಫೋನು ಬಂದ ಮೇಲೆ ನಿಲ್ದಾಣಕ್ಕೆ ಹೋಗಿ ಹಲಸಿನ ಹಪ್ಪಳ, ತುಪ್ಪದ ಜೊತೆ ಗಡ್ಡೆಯ ಪೊಟ್ಟಣವನ್ನೂ ಇಳಿಸಿಕೊಳ್ಳುತ್ತಾರೆ. ಬಾಲ್ಕನಿಯಲ್ಲಿ ಅರ್ಧ ದಿನವಾದರೂ ಬಿಸಿಲು ಬಿದ್ದರೆ, ಅಗಲ ಬಾಯಿಯ ಕುಂಡದ ತಳದಲ್ಲಿ ನೀರು ಸರಾಗ ಇಳಿದರೆ, ಅಲ್ಲಿಯೂ ಡೇರೆ ಬರುತ್ತದೆ. ಹೂ ಊರಿನಷ್ಟು ದೊಡ್ಡದಾಗದಿರಬಹುದು.

ಈ ವರ್ಷ ಯಾರಲ್ಲಾದರೂ ಗಡ್ಡೆ ಕೇಳುವ ಮನಸ್ಸಿದ್ದರೆ ಬೇಸಗೆಗೆ ಕಾಯಬೇಡಿ, ಹೂ ಇರುವಾಗಲೇ ಹೋಗಿ. ಎಲೆ ಉದುರಿದ ಮೇಲೆ ಕೆಂಪಿನ ಗಡ್ಡೆಗೂ ಹಳದಿಯ ಗಡ್ಡೆಗೂ ವ್ಯತ್ಯಾಸ ತಿಳಿಯುವುದಿಲ್ಲ, ಬೆಳೆಸಿದವರಿಗೂ ತಿಳಿಯುವುದಿಲ್ಲ. ಹೂವಿನ ಬಣ್ಣಕ್ಕೆ ಹೊಂದುವ ಬಟ್ಟೆಯ ಚೂರೊಂದನ್ನು ಒಯ್ದು, ಮನೆಯವರನ್ನು ಕೇಳಿ, ಗಿಡದ ಬುಡಕ್ಕೆ, ನೆಲದಿಂದ ನಾಲ್ಕು ಬೆರಳು ಮೇಲೆ ಕಟ್ಟಿ ಬನ್ನಿ. ಗಡ್ಡೆ ಕೀಳುವವರು ಕಾಂಡವನ್ನು ಅದಕ್ಕಿಂತ ಮೇಲೆ ಕತ್ತರಿಸುವುದರಿಂದ ಗುರುತು ಗೊಂಚಲಿನಲ್ಲೇ ಉಳಿಯುತ್ತದೆ. ಹೋಗುವಾಗ ಬರಿಗೈಯಲ್ಲಿ ಹೋಗಬೇಡಿ, ನಿಮ್ಮಲ್ಲಿರುವ ಯಾವುದಾದರೂ ಗಿಡದ ರೆಂಬೆ ಇರಲಿ. ಅವರ ಮನೆಯ ಸೌದೆರಾಶಿಯ ಹಿಂದೆ ಬೆಕ್ಕು ಮರಿ ಹಾಕಿದ್ದರೆ, ಮುಚ್ಚಳವಿರುವ ಬುಟ್ಟಿಯನ್ನೂ ಒಯ್ಯುವುದು ಒಳ್ಳೆಯದು.