ಗಡಿಯಲ್ಲಿರುವ ಮಗನ ಓಟು



ಬೀಳಗಿ ಭಾಗದ ಸಂಘಗಳ ಸಭೆಗಳಲ್ಲಿ ನಾವು ಕೇಳುವ ಮಾತಿದು: “ಮಗ ಮಿಲಿಟರ್ಯಾಗ ಅದಾನ್ರೀ ಸಿಸ್ಟರ್, ಅವನ ಓಟು ಹೋದಂಗ.” ಹಾಗೇನಿಲ್ಲ.

ಸೈನಿಕರು ತಮ್ಮ ಘಟಕದ ಮೂಲಕ ನಮೂನೆ 2 ತುಂಬಿ ಕೊಟ್ಟರೆ ಸ್ವಂತ ಊರಿನ ಸೇವಾ ಮತದಾರರ ಪಟ್ಟಿಗೆ ಹೆಸರು ಸೇರುತ್ತದೆ. ಮೊದಲು ಮತಪತ್ರ ಅಂಚೆಯಲ್ಲೇ ಹೋಗಿ ಅಂಚೆಯಲ್ಲೇ ಬರಬೇಕಿತ್ತು. ತಡವಾದರೆ ಎಣಿಕೆಗೆ ಸೇರುತ್ತಿರಲಿಲ್ಲ. 2016ರಲ್ಲಿ ನಿಯಮ ಬದಲಾಗಿ, ಈಗ ಮತಪತ್ರ ಕಂಪ್ಯೂಟರ್ ಮೂಲಕ ಹೋಗುತ್ತದೆ. ಅದನ್ನು ಪ್ರಿಂಟ್ ತೆಗೆದು, ಗುರುತು ಹಾಕಿ, ಅಂಚೆಗೆ ಹಾಕಬೇಕು. ಎಣಿಕೆಯ ದಿನ ಬೆಳಿಗ್ಗೆ 8ರೊಳಗೆ ಚುನಾವಣಾಧಿಕಾರಿಗೆ ಅದು ಮುಟ್ಟಬೇಕು. ಲಕೋಟೆಯ ಕ್ಯೂಆರ್ ಕೋಡ್ ಪರೀಕ್ಷಿಸುವುದರಿಂದ ನಕಲಿಯಿದ್ದರೆ ಸಿಕ್ಕಿಬೀಳುತ್ತದೆ.

ಅಂಚೆ ಬೇಡವೆಂದರೆ 2003ರಿಂದ ಇನ್ನೊಂದು ದಾರಿಯಿದೆ. ನಮೂನೆ 13ಎಫ್‌ನಲ್ಲಿ ಮಗ ನಿಮ್ಮನ್ನು ಪ್ರತಿನಿಧಿಯಾಗಿ ನೇಮಿಸಿದರೆ, ನಿಮ್ಮ ಓಟಿನ ಜೊತೆ ಅವನದನ್ನೂ ಮತಗಟ್ಟೆಯಲ್ಲಿ ಹಾಕಬಹುದು. ಆದರೆ ಆ ಕಾಗದವಿಲ್ಲದೆ ಅವನ ಹೆಸರಿನಲ್ಲಿ ಹಾಕಿದರೆ ಅಪರಾಧ.

ದುಬೈ, ಕುವೈತಿಗೆ ದುಡಿಯಲು ಹೋದವರಿಗೆ ಈ ಅನುಕೂಲವಿಲ್ಲ. ಅವರು ನಮೂನೆ 6ಎ ತುಂಬಿ ಹೆಸರು ಸೇರಿಸಿ, ಪಾಸ್‌ಪೋರ್ಟ್ ಹಿಡಿದು ಊರಿಗೆ ಬಂದೇ ಓಟು ಹಾಕಬೇಕು.

ಚುನಾವಣೆ ಬಂದಾಗ ಓಡಾಡಿದರೆ ಆಗದು. ಇವತ್ತೇ ಫೋನ್ ಮಾಡಿ ಕೇಳಿರಿ: “ನಿನ್ನ ಹೆಸರು ಪಟ್ಟ್ಯಾಗ ಐತೇನಪ್ಪಾ?”