ಮಸಾಯಿ ಮಾರಾದ ದುಬಾರಿ ಟೆಂಟು: ಜನ ಅಂದುಕೊಂಡದ್ದು, ಅಲ್ಲಿರುವುದು

ಕಬಿನಿ, ಬಂಡೀಪುರ ಸುತ್ತಿ ಕ್ಯಾಮೆರಾ ಲೆನ್ಸ್ ದೊಡ್ಡದು ಮಾಡಿಕೊಂಡವರ ಬಾಯಲ್ಲಿ ಮುಂದೆ ಬರುವ ಹೆಸರು ಕೀನ್ಯಾದ ಮಸಾಯಿ ಮಾರಾ. ಅಲ್ಲಿನ ಐಷಾರಾಮಿ ಕ್ಯಾಂಪಿನ ದರ ಕೇಳಿದ ಕೂಡಲೇ ಹುಬ್ಬು ಮೇಲೇರುತ್ತದೆ. ಒಬ್ಬರಿಗೆ ಒಂದು ರಾತ್ರಿಗೆ ಹಲವು ನೂರು ಡಾಲರ್, ಸೀಸನ್ನಿನಲ್ಲಿ ಸಾವಿರ ದಾಟುವುದೂ ಉಂಟು. ಅಷ್ಟು ಸುರಿದರೆ ಸಿಗುವುದೇನು ಎಂಬ ಬಗ್ಗೆ ಕೇಳಿಬರುವ ಮಾತುಗಳಲ್ಲಿ ಅರ್ಧಕ್ಕರ್ಧ ಊಹಾಪೋಹ.

“ಅಷ್ಟು ದುಡ್ಡಿಗೆ ಪಂಚತಾರಾ ಹೋಟೆಲ್ಲೇ ಸಿಗುತ್ತದೆ”

ಸಿಗುವುದು ಕ್ಯಾನ್ವಾಸ್ ಗೋಡೆ. ಒಳಗೆ ದೊಡ್ಡ ಮಂಚ, ಒಳ್ಳೆಯ ಹಾಸಿಗೆ, ಹಿಂಬದಿಗೆ ಬಚ್ಚಲು, ಮುಂದೆ ಎರಡು ಕುರ್ಚಿ. ಬಾಗಿಲಿಗೆ ಬೀಗದ ಬದಲು ಜಿಪ್ಪು. ಕರೆಂಟು ಹೆಚ್ಚಾಗಿ ಸೋಲಾರ್. ಹೇರ್ ಡ್ರೈಯರ್ ತರಬೇಡಿ ಎಂದು ಹಲವು ಕ್ಯಾಂಪುಗಳು ಮೊದಲೇ ಹೇಳಿಬಿಡುತ್ತವೆ. ಎಷ್ಟೋ ಕಡೆ ಸ್ನಾನಕ್ಕೆ ಇವತ್ತಿಗೂ ಬಕೆಟ್ ಷವರ್. ಸಂಜೆ ಸಫಾರಿ ಮುಗಿಸಿ ಬಂದು ನೀರು ಬೇಕೆಂದರೆ, ಸಿಬ್ಬಂದಿಯೊಬ್ಬ ಕಾಯಿಸಿದ ನೀರು ಹೊತ್ತು ತಂದು ಟೆಂಟಿನ ಹಿಂದೆ ಕಂಬಕ್ಕೆ ತೂಗುಹಾಕಿದ ಚೀಲಕ್ಕೆ ಸುರಿದು, ಹಗ್ಗ ಜಗ್ಗಿ ಮೇಲೇರಿಸಿ, ಆಯಿತು ಎಂದು ಹೊರಗಿನಿಂದಲೇ ಕೂಗುತ್ತಾನೆ. ಸುಮಾರು 20 ಲೀಟರ್, ಅಷ್ಟೇ. ಮೈ ನೆನೆಸಿಕೊಂಡು, ನಲ್ಲಿ ಮುಚ್ಚಿ, ಸೋಪು ಹಚ್ಚಿ, ಆಮೇಲೆ ಮತ್ತೆ ತೆರೆಯಬೇಕು. ತಲೆತುಂಬ ಶಾಂಪೂ ನೊರೆ ಇರುವಾಗ ನೀರು ಮುಗಿದರೆ ಮುಂದಿನ ಬಕೆಟ್ ಬರುವತನಕ ಚಳಿಯಲ್ಲಿ ನಿಂತಿರುವುದೇ ಗತಿ.

“ಬೇಲಿಯೇ ಇಲ್ಲವಂತೆ, ಸಿಂಹ ಟೆಂಟಿಗೇ ನುಗ್ಗುತ್ತದಂತೆ”

ಬಹಳಷ್ಟು ಕ್ಯಾಂಪುಗಳಿಗೆ ಬೇಲಿ ಇಲ್ಲ, ಅದು ನಿಜ. ಆದರೆ ಜಿಪ್ಪು ಎಳೆದ ಟೆಂಟು ಪ್ರಾಣಿಗಳ ಪಾಲಿಗೆ ಬಂಡೆಯಂಥ ಒಂದು ವಸ್ತು. ಸಾಮಾನ್ಯವಾಗಿ ಅವು ಬಳಸಿಕೊಂಡು ಹೋಗುತ್ತವೆ. ಅಪಾಯ ಇರುವುದು ಕತ್ತಲಲ್ಲಿ ಒಬ್ಬರೇ ಹೊರಬರುವವರಿಗೆ. ಅಲ್ಲಿ ಸಿಂಹದಷ್ಟೇ ಲೆಕ್ಕಕ್ಕೆ ಇಟ್ಟುಕೊಳ್ಳಬೇಕಾದದ್ದು ನೀರಾನೆ ಮತ್ತು ಕಾಡೆಮ್ಮೆ. ನೀರಾನೆ ರಾತ್ರಿ ನದಿಯಿಂದ ಮೇಲೆ ಬಂದು ಹುಲ್ಲು ಮೇಯುತ್ತದೆ. ಅದಕ್ಕೂ ನೀರಿಗೂ ನಡುವೆ ಮನುಷ್ಯ ಸಿಕ್ಕಿಕೊಂಡರೆ ಮುಗಿಯಿತು. ಹಾಗಾಗಿ ಕತ್ತಲಾದ ಮೇಲೆ ಊಟಕ್ಕೆ ಹೋಗಬೇಕಾದರೂ ಕಾವಲುಗಾರ ಬಂದು ಕರೆದೊಯ್ಯಬೇಕು. ಅಲ್ಲಿ ಆತನನ್ನು ಅಸ್ಕರಿ ಎನ್ನುತ್ತಾರೆ. ಒಂದು ಕೈಯಲ್ಲಿ ಟಾರ್ಚು, ಎಷ್ಟೋ ಕಡೆ ಇನ್ನೊಂದರಲ್ಲಿ ಈಟಿ. ಟಾರ್ಚನ್ನು ಆತ ಕಾಲುದಾರಿಗೆ ಬಿಡುವುದಕ್ಕಿಂತ ಎಡಬಲದ ಪೊದೆಗಳಿಗೆ ಬಿಡುವುದೇ ಹೆಚ್ಚು. ಬೆಳಕಿಗೆ ಹೊಳೆಯುವ ಕಣ್ಣುಗಳನ್ನು ಹುಡುಕುತ್ತ ನಡೆಯುತ್ತಾನೆ.

“ಬರೀ ಬಟ್ಟೆಯ ಟೆಂಟಿಗೆ ಇಷ್ಟು ದರವೇ? ಹಗಲುದರೋಡೆ”

ಈ ಆಕ್ಷೇಪಕ್ಕೆ ಉತ್ತರ ಟೆಂಟಿನ ಒಳಗಿಲ್ಲ, ಹೊರಗಿದೆ. ಮಾರಾದ ಸಂರಕ್ಷಿತ ಪ್ರದೇಶ ಸುಮಾರು 1,510 ಚದರ ಕಿ.ಮೀ., ನಾರೋಕ್ ಕೌಂಟಿ ಸರ್ಕಾರದ್ದು. 2024ರಿಂದ ಅದರೊಳಗೆ ಹೋಗಲು ವಿದೇಶಿ ವಯಸ್ಕರಿಗೆ ಜುಲೈಯಿಂದ ಡಿಸೆಂಬರ್‌ವರೆಗೆ ದಿನಕ್ಕೆ 200 ಡಾಲರ್ ಶುಲ್ಕ. ಅದರ ಪಕ್ಕದಲ್ಲೇ ಕನ್ಸರ್ವೆನ್ಸಿಗಳೆಂಬ ಬೇರೆಯೇ ಜಮೀನುಗಳಿವೆ. ದುಬಾರಿ ಕ್ಯಾಂಪುಗಳಲ್ಲಿ ಅನೇಕವು ಇರುವುದು ಇಲ್ಲಿ. ಈ ನೆಲ ಮಸಾಯಿ ಕುಟುಂಬಗಳದು. ಹಿಂದೆ ಸಮುದಾಯದ ಹೆಸರಿನಲ್ಲಿದ್ದ ಹುಲ್ಲುಗಾವಲು ಪಾಲಾಗಿ ಒಬ್ಬೊಬ್ಬರ ಹೆಸರಿಗೆ ಬಂತು. ಪಾಲಾದ ಮೇಲೆ ಬೇಲಿ ಬರುತ್ತದೆ, ಬೇಲಿ ಬಂದರೆ ಪ್ರಾಣಿಗಳ ದಾರಿ ಮುಚ್ಚುತ್ತದೆ. ಆಗ ಅಕ್ಕಪಕ್ಕದವರು ತಮ್ಮ ಜಮೀನುಗಳನ್ನು ಒಟ್ಟುಮಾಡಿ ಕ್ಯಾಂಪುಗಳಿಗೆ ಗುತ್ತಿಗೆಗೆ ಕೊಡುವ ಏರ್ಪಾಡು ಹುಟ್ಟಿತು. ಓಲಾರೆ ಒರೋಕ್ ಕನ್ಸರ್ವೆನ್ಸಿ 2006ರಲ್ಲಿ, ಮಾರಾ ನಬೋಯಿಶೋ 2010ರಲ್ಲಿ ಶುರುವಾದವು. ನಬೋಯಿಶೋ ಒಂದರಲ್ಲೇ 500ಕ್ಕೂ ಹೆಚ್ಚು ಭೂಮಾಲೀಕರ ಸುಮಾರು 50,000 ಎಕರೆ ಸೇರಿದೆ. ಪ್ರವಾಸಿಗರು ಬರಲಿ ಬಿಡಲಿ, ತಿಂಗಳ ಬಾಡಿಗೆ ಕೊಡಬೇಕೆಂಬುದು ಒಪ್ಪಂದ.

ಇದರಿಂದ ಅತಿಥಿಗೆ ಸಿಗುವುದು ಜನಸಂದಣಿಯಿಲ್ಲದ ಬಯಲು. ಇಂತಿಷ್ಟು ನೂರು ಎಕರೆಗೆ ಒಂದೇ ಟೆಂಟು, ಒಂದು ಸಿಂಹದ ಸುತ್ತ ಬೆರಳೆಣಿಕೆಯ ಜೀಪು ಎಂಬಂಥ ಮಿತಿಗಳಿವೆ. ಸಂರಕ್ಷಿತ ಪ್ರದೇಶದೊಳಗೆ ಬಿಡದ ರಾತ್ರಿ ಸಫಾರಿಗೂ ಕಾಲ್ನಡಿಗೆಗೂ ಇಲ್ಲಿ ಅವಕಾಶವಿದೆ. ನೀವು ಕೊಡುವ ಹಣದ ದೊಡ್ಡ ಪಾಲು, ಎದುರಿನ ದಿಣ್ಣೆಯ ಮೇಲೆ ಇನ್ನೊಂದು ಟೆಂಟು ಏಳದಿರುವುದಕ್ಕೆ ತೆರುವ ಬೆಲೆ. ಹಾಗೆಂದು ಇದನ್ನು ಪರೋಪಕಾರವೆಂದು ಬಣ್ಣಿಸುವ ಕರಪತ್ರಗಳನ್ನು ನಂಬಬೇಕಿಲ್ಲ. ಇದು ಶುದ್ಧ ಗುತ್ತಿಗೆ ವ್ಯವಹಾರ, ಅದರಲ್ಲಿ ಹುಳುಕೂ ಇದೆ. ಹಕ್ಕುಪತ್ರಗಳು ಬಹುಪಾಲು ಗಂಡಸರ ಹೆಸರಲ್ಲಿರುವುದರಿಂದ ಬಾಡಿಗೆಯೂ ಅವರ ಕೈಗೇ ಹೋಗುತ್ತದೆ. ದನ ಎಲ್ಲಿ, ಯಾವಾಗ ಮೇಯಬೇಕೆಂಬುದಕ್ಕೆ ಕಟ್ಟುಪಾಡು ಬಿದ್ದಿದೆ. ದನವೇ ಸರ್ವಸ್ವ ಎನ್ನುವ ಸಮುದಾಯಕ್ಕೆ ಅದು ಸಣ್ಣ ಮಾತಲ್ಲ. 2020ರಲ್ಲಿ ಕೊರೊನಾದಿಂದ ವಿಮಾನಗಳು ನಿಂತಾಗ ಹಲವೆಡೆ ಬಾಡಿಗೆಗೂ ಕತ್ತರಿ ಬಿತ್ತು.

“ಆಗಸ್ಟಿನಲ್ಲಿ ಹೋದರೆ ವಲಸೆ ನೋಡುವುದು ಗ್ಯಾರಂಟಿ”

ಹತ್ತು ಲಕ್ಷಕ್ಕೂ ಮೀರಿದ ವೈಲ್ಡ್‌ಬೀಸ್ಟ್‌ಗಳು ವರ್ಷದ ಹೆಚ್ಚಿನ ಕಾಲ ಇರುವುದು ಗಡಿಯಾಚೆ, ತಾಂಜಾನಿಯಾದ ಸೆರೆಂಗೆಟಿಯಲ್ಲಿ. ಸರಿಸುಮಾರು ಜುಲೈಯಿಂದ ಅಕ್ಟೋಬರ್‌ವರೆಗೆ ಅವುಗಳಲ್ಲಿ ಒಂದು ಪಾಲು ಮಾರಾ ಕಡೆ ಬರುತ್ತದೆ. ಯಾವ ವಾರ ಎಂಬುದನ್ನು ತೀರ್ಮಾನಿಸುವುದು ಮಳೆ. ಬಂದ ಮೇಲೂ, ಟಿವಿಯಲ್ಲಿ ಎರಡು ನಿಮಿಷದಲ್ಲಿ ನೋಡಿದ ನದಿ ದಾಟುವಿಕೆಗೆ ಅಲ್ಲಿ ಗಂಟೆಗಟ್ಟಲೆ ಕಾಯಬೇಕು. ಹಿಂಡು ದಡದ ಅಂಚಿಗೆ ಬಂದು, ನೀರನ್ನೊಮ್ಮೆ ಮೂಸಿ, ಯಾವುದೋ ಒಂದು ಬೆದರಿತೆಂದು ಧೂಳೆಬ್ಬಿಸಿ ವಾಪಸು ಓಡಿಬಿಡುತ್ತದೆ. ಎಷ್ಟೋ ಸಲ ಅಡ್ಡಗಟ್ಟಿದಂತೆ ನಿಂತ ಜೀಪುಗಳೇ ಬೆದರಿಕೆಗೆ ಕಾರಣ. ಜನಜಂಗುಳಿ ಬೇಡವೆನ್ನುವವರು ವಲಸೆಯ ಆಸೆ ಬಿಟ್ಟು ಜನವರಿ, ಫೆಬ್ರವರಿಯಲ್ಲಿ ಹೋಗುವುದೇ ಜಾಣತನ. ಸಿಂಹ, ಚಿರತೆ, ಚೀತಾ ವರ್ಷವಿಡೀ ಅಲ್ಲೇ ಇರುತ್ತವೆ.

“ಆಫ್ರಿಕಾ ಎಂದರೆ ಸುಡುಬಿಸಿಲು”

ಭೂಮಧ್ಯರೇಖೆಯ ಪಕ್ಕದಲ್ಲಿದ್ದರೂ ಮಾರಾ ಇರುವುದು ಸಮುದ್ರಮಟ್ಟದಿಂದ 1,500 ಮೀಟರಿಗೂ ಮೇಲೆ. ಜುಲೈ ಮುಂಜಾನೆ ತೆರೆದ ಜೀಪಿನಲ್ಲಿ ಹಲ್ಲು ಕಟಕಟ ಎನ್ನುತ್ತದೆ. ರಾತ್ರಿ ಹೊದಿಕೆಯೊಳಗೆ ಬಿಸಿನೀರಿನ ಚೀಲ ಇಟ್ಟಿರುತ್ತಾರೆ.

“ಸಸ್ಯಾಹಾರಿಗಳು ಎಂಟಿಆರ್ ಪ್ಯಾಕೆಟ್ ಹೊತ್ತುಕೊಂಡೇ ಹೋಗಬೇಕು”

ಬೇಕಿಲ್ಲ. 1896ರಿಂದ ರೈಲುಹಳಿ ಹಾಕಲು ಭಾರತದಿಂದ ಹೋದ ಕೂಲಿಗಳು, ಆಮೇಲೆ ನೆಲೆಸಿದ ಗುಜರಾತಿ ವ್ಯಾಪಾರಿಗಳಿಂದಾಗಿ ಚಪಾತಿ, ಸಮೋಸ, ಚಾಯ್ ಮೂರೂ ಇವತ್ತು ಕೀನ್ಯಾದ್ದೇ ತಿಂಡಿಗಳು. ಮೆಕ್ಕೆಜೋಳ, ಕಾಳು ಸೇರಿಸಿ ಬೇಯಿಸಿದ ಗಿತೇರಿ, ಸೊಪ್ಪಿನ ಪಲ್ಯ ಸುಕುಮಾ ವಿಕಿ ಕೇಳಿ ಮಾಡಿಸಿಕೊಳ್ಳಿ. ಮೆಕ್ಕೆಜೋಳದ ಹಿಟ್ಟಿನ ಉಗಾಲಿ ನಮ್ಮ ಮುದ್ದೆಯ ದಾಯಾದಿ, ಆದರೆ ಇದನ್ನು ಅಗಿಯಬೇಕು. ಈರುಳ್ಳಿ, ಬೆಳ್ಳುಳ್ಳಿ ಬೇಡದವರು ಬುಕಿಂಗ್ ಮಾಡುವಾಗಲೇ ಹೇಳಬೇಕು. ತರಕಾರಿ ದೂರದಿಂದ ಬರುತ್ತದೆ, ಸಂಜೆ ಹೇಳಿದರೆ ಅಡುಗೆಯವನಿಗೂ ಸಂಕಟ.

“ಸಾಮಾನು ಎಷ್ಟಾದರೂ ಒಯ್ಯಬಹುದು, ಲಸಿಕೆ ಕೀನ್ಯಾದವರ ತಲೆನೋವು”

ನೈರೋಬಿಯ ವಿಲ್ಸನ್ ವಿಮಾನ ನಿಲ್ದಾಣದಿಂದ ಹೊರಡುವ ಪುಟ್ಟ ವಿಮಾನಗಳಲ್ಲಿ ಸಾಮಾನ್ಯವಾಗಿ ತಲೆಗೆ 15 ಕೆ.ಜಿ.ಯಷ್ಟೇ ಮಿತಿ, ಅದೂ ಮಡಚಬಹುದಾದ ಬ್ಯಾಗಿನಲ್ಲಿ. ಗಾಲಿಯ ಗಟ್ಟಿ ಸೂಟ್‌ಕೇಸು ನೈರೋಬಿಯಲ್ಲೇ ಉಳಿಯುತ್ತದೆ. ಪ್ಲಾಸ್ಟಿಕ್ ಕ್ಯಾರಿಬ್ಯಾಗಿಗೆ ಆ ದೇಶದಲ್ಲಿ 2017ರಿಂದ ನಿಷೇಧವಿದೆ.

ಇನ್ನು ಹಳದಿ ಜ್ವರದ ಲಸಿಕೆ. ಭಾರತದಿಂದ ನೇರವಾಗಿ ಹೋಗುವವರಿಗೆ ಅದನ್ನು ಕಡ್ಡಾಯ ಮಾಡಿರುವುದು ಕೀನ್ಯಾ ಅಲ್ಲ, ಮರಳಿ ಬರುವಾಗ ಕೇಳುವ ನಮ್ಮದೇ ಸರ್ಕಾರ. ಪ್ರಮಾಣಪತ್ರ ಇಲ್ಲದೆ ಇಳಿದರೆ ಆರು ದಿನದವರೆಗೆ ಕ್ವಾರಂಟೈನ್ ಮಾಡಬಹುದು. ಲಸಿಕೆ ಹಾಕಿಸಿದ ಹತ್ತು ದಿನದ ನಂತರವಷ್ಟೇ ಪ್ರಮಾಣಪತ್ರಕ್ಕೆ ಮಾನ್ಯತೆ, ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ ಅದು ಸಿಗುತ್ತದೆ. ಟಿಕೆಟ್ ಬುಕ್ ಮಾಡಿದ ವಾರದಲ್ಲೇ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ. ಒಮ್ಮೆ ಹಾಕಿಸಿಕೊಂಡರೆ ಜೀವಮಾನಕ್ಕೆ ಸಾಕು. ಆ ಹಳದಿ ಕಾರ್ಡು ಪಾಸ್‌ಪೋರ್ಟಿನ ಜೊತೆಗೇ ಇರಲಿ.